ತೂಬು ತೆಗೆದ ಗದ್ದೆ

ತಂಗಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಣ್ಣ, "ಬೀಜಕ್ಕೆ ಪೌಡರ್ ಹಚ್ತಾಳೆ" ಎನ್ನುತ್ತಿದ್ದ. ಕೇಳಿದವರು ನಕ್ಕರೆ, "ನಗಬೇಡಿ, ಮದುಮಗಳಿಗೂ ಯಾರೂ ಅಷ್ಟು ಮುತುವರ್ಜಿಯಿಂದ ಹಚ್ಚಲ್ಲ" ಎಂದು ತಾನೂ ಸೇರಿ ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆ ಇರುವುದು ತಂಗಿಗೆ ಗೊತ್ತಿತ್ತು. ಅದಕ್ಕೇ ಅವಳು ಒಮ್ಮೆಯೂ ತಿದ್ದಲು ಹೋಗಿರಲಿಲ್ಲ.

ಪಟ್ಟಣದ ಬೀಜ ಸಂಶೋಧನಾ ಕೇಂದ್ರದ ಹಿಂಬದಿಯಲ್ಲಿ, ಗೋದಾಮಿನ ಗೋಡೆಗೆ ಆತುಕೊಂಡ ಉದ್ದನೆಯ ಕೋಣೆಯಲ್ಲಿ ಅವಳ ಕೆಲಸ. ನಡುವೆ ಓರೆಯಾಗಿ ಕೂರಿಸಿದ ದೊಡ್ಡ ಡ್ರಮ್ಮು. ಗುಂಡಿ ಒತ್ತಿದರೆ ಅದು ಗುಡುಗುಡು ಎನ್ನುತ್ತ ತಿರುಗುತ್ತದೆ. ಒಳಗೆ ನೆನೆಸಿ ಬಸಿದ ಭತ್ತ ಹೊರಳುತ್ತಿರುವಾಗ ಅದರ ಮೇಲೆ ಅಂಟಿನ ನೀರನ್ನು ತೆಳ್ಳಗೆ ಸಿಂಪಡಿಸಿ, ಬಿಳಿ ಪುಡಿಯನ್ನು ಜರಡಿಯಿಂದ ಉದುರಿಸಬೇಕು. ಅಂಟು ಒಂದಿಷ್ಟು ಹೆಚ್ಚಾದರೆ ಕಾಳುಗಳು ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಗುತ್ತವೆ. ಕಡಿಮೆಯಾದರೆ ಪುಡಿಯೆಲ್ಲ ಗಾಳಿಪಾಲು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡರೂ ಸಂಜೆ ಹೊರಡುವ ಹೊತ್ತಿಗೆ ಹುಬ್ಬು, ರೆಪ್ಪೆ, ಕಿವಿಯ ಸಂದಿ ಎಲ್ಲ ಬೆಳ್ಳಗಾಗಿರುತ್ತಿದ್ದವು. ಕೇಂದ್ರದಲ್ಲಿ ಅವಳಿಗೆ ಸುಣ್ಣದ ಮೇಡಂ ಎಂದೇ ಹೆಸರು.

ಆ ಪುಡಿಗೆ ಒಂದು ಗುಣವಿತ್ತು. ನೀರು ತಾಗಿದರೆ ಅದು ಸ್ವಲ್ಪ ಸ್ವಲ್ಪವಾಗಿ ಪ್ರಾಣವಾಯು ಬಿಡುತ್ತದೆ. ಭತ್ತ ನೀರಿನ ಬೆಳೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಿಂತ ನೀರಿನಡಿ, ಕೆಸರಿನಲ್ಲಿ ಹೂತ ಬೀಜಕ್ಕೆ ಉಸಿರಾಡಲು ಗಾಳಿ ಇರುವುದಿಲ್ಲ. ಅದು ಗಾಬರಿಬಿದ್ದ ಹಾಗೆ ತನ್ನೊಳಗಿನ ಆಹಾರವನ್ನೆಲ್ಲ ಸುರಿದು ಬಿಳಿ ನೂಲಿನಂಥ ಮೊಳಕೆಯನ್ನು ಮೇಲಕ್ಕೆ ತಳ್ಳುತ್ತದೆ. ಬೇರು ಬಿಡಲು ಏನೂ ಉಳಿದಿರುವುದಿಲ್ಲ. ಬೇರಿಲ್ಲದ ಮೊಳಕೆ ಕೊನೆಗೆ ತೇಲಿ ಬದುವಿಗೆ ಬಂದು ಬೀಳುತ್ತದೆ. ಪುಡಿ ಹೊದ್ದ ಬೀಜಕ್ಕಾದರೆ ಕೆಸರಿನೊಳಗೇ ಒಂದಿಷ್ಟು ಉಸಿರು ಸಿಗುತ್ತದೆ. ಅದು ಮೊದಲು ಬೇರೂರಿ ಆಮೇಲೆ ತಲೆ ಎತ್ತುತ್ತದೆ. ಇದನ್ನು ಅವಳು ಗಾಜಿನ ಪಾತ್ರೆಗಳಲ್ಲಿ, ಸಿಮೆಂಟಿನ ತೊಟ್ಟಿಗಳಲ್ಲಿ ಮತ್ತೆ ಮತ್ತೆ ನೋಡಿದ್ದಳು. ನಿಜವಾದ ಗದ್ದೆಯಲ್ಲಿ ನೋಡಿರಲಿಲ್ಲ. ಕೇಂದ್ರದ ಹೊಲಗಳೆಲ್ಲ ದಿಬ್ಬದ ಮೇಲಿದ್ದವು. ಅಲ್ಲಿ ನೀರು ಬೇಕೆಂದರೂ ನಿಲ್ಲುತ್ತಿರಲಿಲ್ಲ.

ನೀರು ನಿಲ್ಲುವ ಗದ್ದೆ ಅಂದರೆ ಅವಳ ಅಪ್ಪ ಬಿಟ್ಟುಹೋದ ಗದ್ದೆ. ಕಾಲುವೆಯ ಏರಿಗೆ ತಗುಲಿಕೊಂಡ ತಗ್ಗು ಜಾಗ ಅದು. ಬಿತ್ತನೆಯಾದ ಮೇಲೆ ದೊಡ್ಡ ಮಳೆ ಬಂತೆಂದರೆ ಮೇಲಿನ ಗದ್ದೆಗಳ ನೀರೆಲ್ಲ ಅಲ್ಲಿಗೇ ಬಂದು ಸೇರುತ್ತಿತ್ತು. ಏರಿಯ ಬುಡದಲ್ಲಿ ಮರದ ಹಲಗೆಯ ಹಳೆಯ ತೂಬೊಂದಿತ್ತು. ಕಾಲುವೆಯ ನೀರು ಇಳಿದಾಗ ಹಲಗೆ ಎತ್ತಿದರೆ ಗದ್ದೆಯ ನೀರು ಹೊರಗೆ ಹೋಗುತ್ತಿತ್ತು. ಸರಿಯಾದ ಹೊತ್ತಿಗೆ ಎತ್ತಲಾಗದ ವರ್ಷ ಬೀಜವೂ ಹೋಯಿತು, ಬೆಳೆಯೂ ಹೋಯಿತು.

ತಂಗಿ ಪಟ್ಟಣದಲ್ಲಿ ಕೋಣೆ ಬಾಡಿಗೆ ಹಿಡಿದಿದ್ದಳು. ರಜೆಗೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದಳು. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ. ಅಣ್ಣ ಅತ್ತಿಗೆಗೆ ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ಅಣ್ಣ, "ನಮಗೆ ನಮ್ಮ ಪುಟ್ಟಿನೇ ಸಾಕಪ್ಪ, ಇವಳನ್ನ ಸಾಕಿ ಸಾಕಾಗಿದೆ" ಎಂದು ತಂಗಿಯ ಕಡೆ ಕೈ ತೋರಿಸುತ್ತಿದ್ದ. ಅತ್ತಿಗೆ ನಾದಿನಿಯರದು ಉಗುರು ಮಾಂಸದಂಥ ನಂಟು. ತಂಗಿ ಬಂದ ದಿನ ಅತ್ತಿಗೆ ಅವಳ ತಲೆಗೆ ಎಣ್ಣೆ ಹಚ್ಚುತ್ತ, ಪುಡಿ ಮೆತ್ತಿ ಸಿಕ್ಕಾದ ಕೂದಲನ್ನು ಬಿಡಿಸುತ್ತ, "ಇದನ್ನ ತೊಳೆಯೋಕೆ ಒಂದು ಕೆರೆ ನೀರು ಬೇಕು" ಎಂದು ಗೊಣಗುತ್ತಿದ್ದಳು.

ಹಾಗೆ ಬಂದ ಒಂದು ದಿನ ತಂಗಿ ಅಡುಗೆಮನೆಯಲ್ಲಿ ಕೂತು ಅತ್ತಳು. ಕೇಂದ್ರಕ್ಕೆ ಸೇರಿದ ಹೊಸಬನೊಬ್ಬ ಪುಡಿ ಹಚ್ಚಿದ ಬೀಜವನ್ನು ನೆರಳಲ್ಲಿ ಹರಡುವ ಬದಲು ರಾಶಿ ಹಾಕಿ ಮುಚ್ಚಿಟ್ಟಿದ್ದ. ಒಳಗೊಳಗೇ ಬಿಸಿಯಾಗಿ ಬೀಜವೆಲ್ಲ ಬೆಂದುಹೋಗಿತ್ತು. ತೊಟ್ಟಿಯಲ್ಲಿ ಬೆಳೆದದ್ದನ್ನು ಎಷ್ಟು ದಿನ ನೋಡುವುದು, ಗದ್ದೆಯಲ್ಲಿ ತೋರಿಸಿ, ಇಲ್ಲದಿದ್ದರೆ ಆ ಕೋಣೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ನಿರ್ದೇಶಕರು ಹೇಳಿದ್ದರು.

ಅಣ್ಣ ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದ.

"ನಮ್ಮ ತಗ್ಗುಗದ್ದೆ ತಗೋ" ಎಂದ. "ಅಲ್ಲಿ ಬಿತ್ತೋದೂ ಒಂದೇ, ಕಾಲುವೆಗೆ ಚೆಲ್ಲೋದೂ ಒಂದೇ. ನಿನ್ನ ಬೀಜಕ್ಕೆ ಅದಕ್ಕಿಂತ ಒಳ್ಳೆ ಮಸಣ ಸಿಗಲ್ಲ."

"ಬಿಡ್ತು ಅನ್ನಿ" ಎಂದಳು ಅತ್ತಿಗೆ. ಆಮೇಲೆ ತಂಗಿಯ ಮುಖ ನೋಡಿ, "ಆಗ್ಲಿ ಬಿಡು. ಕೋಟು ಹಾಕ್ಕೊಂಡು ಬಂದ ನೆಂಟರನ್ನ ಬೇಡ ಅನ್ನೋಕಾಗುತ್ತಾ?"

ಆ ವರ್ಷ ಅಣ್ಣ ಗದ್ದೆಯ ನಡುವೆ ಒಂದು ಸಣ್ಣ ಬದು ಹಾಕಿದ. ಒಂದು ಕಡೆಗೆ ಪುಡಿ ಹೊದ್ದ ಬೀಜ, ಇನ್ನೊಂದು ಕಡೆಗೆ ಬರಿಯ ಬೀಜ. "ಈ ಕಡೆ ಕೋಟಿನವರು, ಆ ಕಡೆ ಬರಿಮೈಯವರು" ಎನ್ನುತ್ತ ಅವನೇ ಎರಡೂ ಕಡೆ ಎರಚಿದ. ತಂಗಿ ಬದುವಿನ ಮೇಲೆ ನಿಂತು, ಕೈ ಇಷ್ಟು ಎತ್ತು, ಅಷ್ಟು ಬೀಸು ಎಂದು ಹೇಳಲು ಹೋಗಿ ಬೈಸಿಕೊಂಡಳು. "ನಾನು ಬಿತ್ತೋವಾಗ ನೀನು ತೊಟ್ಟಿಲಲ್ಲಿದ್ದೆ, ಸುಮ್ನಿರು."

ಮಳೆ ಹೇಳಿ ಕಳಿಸಿದ ಹಾಗೆ ಬಂತು. ಎರಡು ದಿನ ಬಿಡದೆ ಸುರಿಯಿತು. ಕಾಲುವೆ ತುಂಬಿ ಏರಿಯ ಕುತ್ತಿಗೆಗೆ ಬಂತು. ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದ ತಂಗಿಗೆ ಅಣ್ಣ ಫೋನು ಮಾಡಿದ.

"ಪುಟ್ಟಿ, ಗದ್ದೆ ಕೆರೆ ಆಗಿದೆ. ತೂಬು ಎತ್ಲಾ?"

"ಬೇಡ ಅಣ್ಣ. ನಿಂತ್ರೆ ನಿಲ್ಲಲಿ. ಅದಕ್ಕೇ ತಾನೇ ಬಿತ್ತಿದ್ದು."

"ಖಂಡಿತಾ?"

"ಖಂಡಿತಾ." ಅವಳು ಒಂದು ಕ್ಷಣ ತಡೆದು ಕೇಳಿದಳು, "ಎಷ್ಟು ನಿಂತಿದೆ?"

"ಮೊಣಕಾಲಿಗೆ."

ತೊಟ್ಟಿಯಲ್ಲಿ ಅವಳು ಅಷ್ಟು ನೀರು ನಿಲ್ಲಿಸಿ ನೋಡಿರಲಿಲ್ಲ. "ಹೂಂ" ಎಂದಳು. "ಇರ್ಲಿ ಬಿಡು."

"ಸರಿ ಸರಿ. ನೀನು ಕೆಲ್ಸ ನೋಡ್ಕೋ" ಎಂದು ಅವನು ಫೋನು ಇಟ್ಟ.

ಅವನು ಹಾಗೇ ಬಿಡಲಿಲ್ಲ. ಮಳೆ ಸ್ವಲ್ಪ ಹೊಳವಾಗಿ ಕಾಲುವೆಯ ನೀರು ಇಳಿಯತೊಡಗಿದಾಗ ಹಾರೆ ಹಿಡಿದು ಏರಿಗೆ ಹೋದ. ನೆನೆದು ಉಬ್ಬಿದ ಹಲಗೆ ಕಚ್ಚಿಕೊಂಡು ಕೂತಿತ್ತು. ಹಾರೆ ಹಾಕಿ ಮೀಟಿದ. ಪಕ್ಕದ ಗದ್ದೆಯ ಮುದುಕ ತನ್ನ ಗುಡಿಸಲಿನ ಬಾಗಿಲಲ್ಲಿ ನಿಂತು, "ಏಯ್, ಏರಿ ಮೆತ್ತಗಾಗಿದೆ, ಬಿಟ್ಟು ಬಾ" ಎಂದು ಕೂಗಿದ. ಅಣ್ಣ ಕೈ ಎತ್ತಿ ಆಯಿತು ಎಂಬಂತೆ ಸನ್ನೆ ಮಾಡಿದ, ಮತ್ತೊಮ್ಮೆ ಮೀಟಿದ. ಹಲಗೆ ಎದ್ದಿತು. ಗದ್ದೆಯ ನೀರು ಒಮ್ಮೆಗೇ ಆ ಬಾಯಿಗೆ ನುಗ್ಗಿ, ಏರಿಯ ಬುಡವನ್ನು ಕೊರೆದುಕೊಂಡು ಹೋಯಿತು. ಅವನು ನಿಂತಿದ್ದ ಮಣ್ಣು ಅವನನ್ನೂ ಕರೆದುಕೊಂಡು ಕಾಲುವೆಗೆ ಇಳಿಯಿತು. ಮುದುಕ ಓಡಿ ಬರುವಷ್ಟರಲ್ಲಿ ಅಲ್ಲಿ ಕೆಂಪು ನೀರು ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಕೆಳಗಿನ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿದ್ದವನನ್ನು ಎತ್ತಿ ತಂದರು.

ತಂಗಿ ಬಂದಾಗ ಅತ್ತಿಗೆ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ತಂಗಿ ಹತ್ತಿರ ಹೋಗಿ ತಬ್ಬಿಕೊಂಡಳು. ಅತ್ತಿಗೆ ತಳ್ಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಹೆಗಲ ಮೇಲೆ ಬಿದ್ದ ಕೈಯನ್ನು ಗೋಣಿಚೀಲ ಹೊತ್ತವರಂತೆ ಹೊತ್ತುಕೊಂಡಿದ್ದಳು. ಸ್ವಲ್ಪ ಹೊತ್ತಿನ ನಂತರ ತಂಗಿ ತಾನೇ ಕೈ ತೆಗೆದಳು.

ಬಂದವರು ತಲೆಗೊಂದು ಮಾತಾಡಿದರು. ತಂಗಿಯ ಬೀಜ ಕಾಯಲು ಹೋಗಿ ಸತ್ತ ಎಂಬುದು ಎಲ್ಲರ ಮಾತಿನ ಸಾರ. ಯಾರೂ ಅದನ್ನು ಅವಳ ಎದುರು ಹೇಳಲಿಲ್ಲ. ಅವಳು ಒಳಗೆ ಬಂದಾಗ ಮಾತು ನಿಲ್ಲುತ್ತಿತ್ತು. ಅದರಿಂದಲೇ ಅವಳಿಗೆ ತಿಳಿಯುತ್ತಿತ್ತು.

ತೂಬು ಒಡೆದು ಗದ್ದೆಯ ನೀರೆಲ್ಲ ಬಸಿದು ಹೋಗಿತ್ತು. ಕೆಲವು ವಾರ ಕಳೆದ ಮೇಲೆ ತಂಗಿ ಯಾರಿಗೂ ಹೇಳದೆ ಅಲ್ಲಿಗೆ ಹೋದಳು. ಕೋಟಿನವರ ಕಡೆ ಪೈರು ಒತ್ತಾಗಿ ಎದ್ದಿತ್ತು. ಬರಿಮೈಯವರ ಕಡೆಯೂ ಎದ್ದಿತ್ತು, ತುಸು ತೆಳ್ಳಗೆ. ಅವಳು ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಆ ಹಸಿರನ್ನು ನೋಡಿದಳು. ಒಂದು ಪೈರನ್ನು ಕೂಡ ಮುಟ್ಟಲಿಲ್ಲ.

ನಿರ್ದೇಶಕರು ಒಳ್ಳೆಯವರು. ಅವಳನ್ನು ಕರೆದು ಕೂರಿಸಿ, ಚಹಾ ತರಿಸಿ, ತಾವೇ ಅವಳ ಮುಂದೆ ಇಟ್ಟರು. "ಹೇಳೋಕೆ ಕಷ್ಟ ಆಗುತ್ತಮ್ಮ. ನೀರು ನಿಲ್ಲಲೇ ಇಲ್ಲವಲ್ಲ. ಆ ಗದ್ದೆಯಿಂದ ಏನೂ ಹೇಳೋಕಾಗಲ್ಲ. ಅದನ್ನ ಪ್ರಯೋಗ ಅಂತ ತಗೊಳ್ಳೋಕೆ ಬರಲ್ಲ."

"ಗೊತ್ತು ಸರ್" ಎಂದಳು.

ಅವಳಿಗೆ ಆ ಮಾತು ಅವರಿಗಿಂತ ಮೊದಲೇ ಗೊತ್ತಿತ್ತು. ಪೈರು ಉಳಿದದ್ದು ಅವಳ ಪುಡಿಯಿಂದಲೋ, ಅಣ್ಣ ಎತ್ತಿದ ಹಲಗೆಯಿಂದಲೋ ಈಗ ಯಾವ ಪುಣ್ಯಾತ್ಮನೂ ಹೇಳಲಾರ. ಅವಳು ಆ ಕೋಣೆ ಬೇಡವೆಂದು ಬರೆದುಕೊಟ್ಟು, ತರಕಾರಿ ಬೀಜ ಒಣಗಿಸಿ ಪೊಟ್ಟಣ ಕಟ್ಟುವ ಕಡೆಗೆ ಹೋದಳು. ಅಲ್ಲಿ ಯಾವುದಕ್ಕೂ ನೀರಿನ ಸಹವಾಸವಿರಲಿಲ್ಲ.

ಅತ್ತಿಗೆಯ ತವರಿನವರು ಬಂದು ಕರೆದರು. ಅವಳು ಹೋಗಲಿಲ್ಲ. "ಅತ್ತೆ ಒಬ್ಬರೇ ಆಗ್ತಾರೆ" ಎಂದಳು. ಅಣ್ಣ ಎಬ್ಬಿಸಿದ್ದ ಪೈರಿಗೆ ಕಳೆ ಕಿತ್ತಳು, ಗೊಬ್ಬರ ಹಾಕಿದಳು, ಆಳು ಕರೆದು ಕೊಯಿಸಿದಳು. ಆ ಭತ್ತದಲ್ಲಿ ಬೀಜಕ್ಕೆಂದು ಒಂದಿಷ್ಟು ಎತ್ತಿಟ್ಟಳು. ತಂಗಿ ರಜೆಗೆ ಬಂದರೆ ಊಟ ಬಡಿಸುತ್ತಿದ್ದಳು, ಹಾಸಿಗೆ ಹಾಸುತ್ತಿದ್ದಳು. ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ತಂಗಿ ತನ್ನ ತಲೆಗೆ ತಾನೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅಮ್ಮ ಊಟದ ತಟ್ಟೆಯನ್ನು ಸರಿಸಿ ಇಬ್ಬರನ್ನೂ ನೋಡಿ ಹೇಳಿದಳು. "ನನಗೆ ಉಳಿದಿರೋದು ನೀವಿಬ್ಬರು. ನೀವು ಒಬ್ಬರ ಮುಖ ಒಬ್ಬರು ನೋಡದೆ ಇದ್ರೆ ನಾನು ಯಾರ ಮುಖ ನೋಡ್ಲಿ? ನನ್ನ ಮಗನ್ನ ಕೊಂದಿದ್ದು ನೀರು. ಅದಕ್ಕೆ ಬೈಯೋಕಾಗಲ್ಲ ಅಂತ ಮನೆಯವರ ಮೇಲೆ ಹಾಕ್ಬೇಡಿ."

ಅಮ್ಮ ಎದ್ದು ಹೋದ ಮೇಲೆ ಅತ್ತಿಗೆ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದವಳು ಕೈ ನಿಲ್ಲಿಸಿದಳು.

"ಒಂದು ಕೇಳ್ತೀನಿ, ಹೇಳು. ಅವರು ತೂಬು ಎತ್ತದೆ ಇದ್ದಿದ್ರೆ ನಿನ್ನ ಬೀಜ ಸಾಯ್ತಿತ್ತಾ?"

ಸಾಯುತ್ತಿತ್ತು ಎಂದರೆ, ಕೆಲಸಕ್ಕೆ ಬಾರದ ಪುಡಿಯನ್ನು ನಂಬಿಸಿ ಗದ್ದೆ ತೆಗೆದುಕೊಂಡ ಹಾಗಾಯಿತು. ಬದುಕುತ್ತಿತ್ತು ಎಂದರೆ ಅಣ್ಣ ಸುಮ್ಮಸುಮ್ಮನೆ ಸತ್ತ ಹಾಗಾಯಿತು. ಎರಡರಲ್ಲಿ ಯಾವುದು ಈ ಹೆಂಗಸಿಗೆ ಕಡಿಮೆ ನೋವು ಕೊಡುತ್ತದೆ ಎಂದು ತಂಗಿ ಹುಡುಕಿದಳು. ಸಿಗಲಿಲ್ಲ.

"ಗೊತ್ತಿಲ್ಲ ಅತ್ತಿಗೆ."

"ಗೊತ್ತಿಲ್ಲ ಅಂದ್ರೆ? ಓದಿದವಳು ನೀನು."

"ನೀರು ನಿಂತಿದ್ರೆ ಗೊತ್ತಾಗ್ತಿತ್ತು. ನಿಲ್ಲಲಿಲ್ಲ."

"ಆದ್ರೆ ಅವತ್ತು ಫೋನಲ್ಲಿ ಖಂಡಿತಾ ಅಂದ್ಯಲ್ಲ?"

"ಅಂದೆ."

ಅತ್ತಿಗೆ ತಟ್ಟೆಗಳನ್ನು ನೋಡುತ್ತ ಹೇಳಿದಳು. "ಫೋನು ಇಟ್ಟು ಅವರು ನನಗೇನಂದ್ರು ಗೊತ್ತಾ? 'ಬಾಯಲ್ಲಿ ಖಂಡಿತಾ ಅಂತಾಳೆ, ಗಂಟಲು ನಡುಗ್ತಿದೆ. ಎಷ್ಟು ನಿಂತಿದೆ ಅಂತ ಬೇರೆ ಕೇಳಿದ್ಲು. ಈ ಸಲವೂ ಹೋದ್ರೆ ಅವಳು ತಡ್ಕೊಳ್ಳಲ್ಲ.' ಅಷ್ಟು ಹೇಳಿ ಹಾರೆ ತಗೊಂಡ್ರು. ನಾನು ಬೇಡ ಅನ್ನಲಿಲ್ಲ. ಬೇಗ ಬನ್ನಿ, ಊಟ ಆರುತ್ತೆ ಅಂದೆ."

ತಂಗಿಯ ಬಾಯಿಂದ ಬಂದ ಮಾತೆಲ್ಲ ಸರಿಯಾಗಿತ್ತು. ಅಣ್ಣ ಕೇಳಿಸಿಕೊಂಡದ್ದು ಮಾತನ್ನಲ್ಲ. ತೊಟ್ಟಿಲಿನಿಂದ ಕೇಳಿಕೊಂಡು ಬಂದ ಗಂಟಲು ಅದು. ಅವನಿಗೆ ಅದರ ಒಂದು ಎಳೆ ನಡುಗಿದರೂ ತಿಳಿಯುತ್ತಿತ್ತು.

ಅತ್ತಿಗೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ವಿಷಯ ಅಲ್ಲಿಗೆ ನಿಂತಿತು.

ಮುಂದಿನ ಬಿತ್ತನೆಯ ಕಾಲ ಹತ್ತಿರವಾದಾಗ, ತಂಗಿ ಟೊಮೆಟೊ ಬೀಜದ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದ ಒಂದು ಬೆಳಿಗ್ಗೆ, ಕಾವಲಿನವನು ಬಂದು ಗೇಟಿನ ಹತ್ತಿರ ಯಾರೋ ಕಾಯುತ್ತಿದ್ದಾರೆ ಎಂದ. ಹೋಗಿ ನೋಡಿದರೆ ಅತ್ತಿಗೆ. ಕಾಲ ಬಳಿ ಒಂದು ಚೀಲ. ಮದುವೆಯಾಗಿ ಬಂದ ಮೇಲೆ ಅವಳು ತಂಗಿಯ ಕೆಲಸದ ಜಾಗಕ್ಕೆ ಬಂದದ್ದು ಅದೇ ಮೊದಲು.

"ಅವರು ಬಿತ್ತಿದ್ರಲ್ಲ, ಅದರ ಭತ್ತ" ಎಂದಳು. "ಇದಕ್ಕೆ ಪುಡಿ ಹಚ್ಚಿಕೊಡು. ಅರ್ಧಕ್ಕೆ."

"ಅತ್ತಿಗೆ, ಬೇಡ."

"ಗೊತ್ತಿಲ್ಲ ಅಂದೆ. ಗೊತ್ತು ಮಾಡ್ಕೊಡು. ನನಗೆ ಗೊತ್ತಾಗ್ಬೇಕು."

"ಗೊತ್ತಾಗಿ ಏನ್ ಮಾಡ್ತೀರಿ?"

"ಅದು ನಿನಗ್ಯಾಕೆ? ಗೊತ್ತಿಲ್ಲದೆ ಮಲಗೋಕಾಗ್ತಿಲ್ಲ. ಗೊತ್ತಾದ ಮೇಲೆ ಏನೋ ಒಂದು ಆಗುತ್ತೆ."

ಡ್ರಮ್ಮಿನ ಮೇಲೆ ಯಾರೋ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರು. ತಂಗಿ ಅವನ್ನು ಇಳಿಸಿದಳು. ಭತ್ತವನ್ನು ನೆನೆಹಾಕಿ, ಅತ್ತಿಗೆಯನ್ನು ತನ್ನ ಬಾಡಿಗೆ ಕೋಣೆಯಲ್ಲಿ ಉಳಿಸಿಕೊಂಡಳು. ಇಬ್ಬರೂ ಒಂದೇ ಮಂಚದಲ್ಲಿ ಬೆನ್ನಿಗೆ ಬೆನ್ನು ಮಾಡಿ ಮಲಗಿದರು. ಬೀಜ ನೆನೆದ ಮೇಲೆ ಡ್ರಮ್ಮು ತಿರುಗಿಸಿದರು. ಅತ್ತಿಗೆಗೂ ಮೂಗಿಗೆ ಬಟ್ಟೆ ಕಟ್ಟಿ ಜರಡಿಯನ್ನು ಅವಳ ಕೈಗೆ ಕೊಟ್ಟಳು ತಂಗಿ. ಅತ್ತಿಗೆ ಪುಡಿ ಉದುರಿಸಿದಳು, ತಂಗಿ ಅಂಟು ಸಿಂಪಡಿಸಿದಳು. ಹೊಂಬಣ್ಣದ ಕಾಳುಗಳು ಹೊರಳುತ್ತ ಹೊರಳುತ್ತ ಬೆಳ್ಳಗಾದವು. ಡ್ರಮ್ಮಿನ ಸದ್ದಿನಲ್ಲಿ ಮಾತಾಡಬೇಕಾದ ಕಷ್ಟವೂ ಇರಲಿಲ್ಲ. ಮುಗಿದ ಮೇಲೆ ಅತ್ತಿಗೆ ಒಂದು ಹಿಡಿ ತೆಗೆದು ಅಂಗೈಯಲ್ಲಿ ಆಡಿಸಿ ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ."

ಒಡೆದ ಏರಿಯನ್ನು ಕಲ್ಲು ಕಟ್ಟಿ ಸರಿಮಾಡಿದ್ದರು. ತೂಬಿಗೆ ಹೊಸ ಹಲಗೆ ಬಂದಿತ್ತು, ಹಲಗೆ ಎತ್ತಲು ಕಬ್ಬಿಣದ ತಿರುಗಣಿಯೂ ಬಂದಿತ್ತು. ಈಗ ಏರಿಯ ಅಂಚಿಗೆ ಇಳಿಯದೆ ಮೇಲೆ ನಿಂತೇ ತಿರುಗಿಸಬಹುದಿತ್ತು. ನಡುವಿನ ಬದು ಹಾಗೇ ಇತ್ತು. ಈ ಸಲ ಬಿತ್ತಿದವಳು ಅತ್ತಿಗೆ. ತಂಗಿ ಏನೂ ಹೇಳಿಕೊಡಲು ಹೋಗಲಿಲ್ಲ.

ಮಳೆ ತಡವಾಗಿ ಬಂದರೂ ಸೇಡು ತೀರಿಸಿಕೊಳ್ಳುವಂತೆ ಬಂತು. ಗದ್ದೆಯಲ್ಲಿ ನೀರು ಮೊಣಕಾಲಿಗೆ ಬಂತು, ಇನ್ನೂ ಮೇಲೇರಿತು. ತಂಗಿ ರಜೆ ಹಾಕಿ ಬಂದಳು. ಮಳೆ ಕಡಿಮೆಯಾದ ಮೇಲೆ ಇಬ್ಬರೂ ಕೊಡೆ ಹಿಡಿದು, ಗದ್ದೆಯಿಂದ ದೂರದ ದಿಬ್ಬದ ಮೇಲೆ ಕಲ್ಲುಚಪ್ಪಡಿಯಲ್ಲಿ ಕೂರತೊಡಗಿದರು. ಬೆಳಿಗ್ಗೆ ಬರುವುದು, ಊಟಕ್ಕೆ ಹೋಗುವುದು, ಮತ್ತೆ ಬಂದು ಕೂರುವುದು. ನೀರು ಅಲುಗದೆ ಮಲಗಿತ್ತು. ಮೋಡ ಕಾಣುತ್ತಿತ್ತು ಅದರಲ್ಲಿ, ಒಳಗಿನದೇನೂ ಕಾಣುತ್ತಿರಲಿಲ್ಲ.

ಕಾಲುವೆಯ ನೀರು ಇಳಿದ ದಿನ ಮುದುಕ ತನ್ನ ಗುಡಿಸಲಿನಿಂದ ಬಂದು, "ಈಗ ಎತ್ತಿದ್ರೆ ಒಂದು ಗಳಿಗೇಲಿ ಖಾಲಿ ಆಗುತ್ತಮ್ಮ. ನಾನು ತಿರುಗಿಸ್ಲಾ?" ಎಂದು ಕೇಳಿದ. ಅತ್ತಿಗೆ ಬೇಡವೆಂದು ತಲೆಯಾಡಿಸಿದಳು. ಮುದುಕ ಅವಳನ್ನೂ ನೀರನ್ನೂ ನೋಡಿ ಗುಡಿಸಲಿಗೆ ಮರಳಿದ.

ಆ ಸಂಜೆ ತಡೆಯಲಾರದೆ ಎದ್ದವಳು ತಂಗಿ. ತನ್ನ ತೊಟ್ಟಿಯಲ್ಲಿ ಬೀಜ ತಾಳಿದ್ದಕ್ಕಿಂತ ಹೆಚ್ಚು ದಿನ ಆಗಿತ್ತು, ಹೆಚ್ಚು ಆಳವೂ ಇತ್ತು. "ತೆಗೆದುಬಿಡೋಣ ಅತ್ತಿಗೆ. ನನಗೆ ಆಗ್ತಿಲ್ಲ. ಸತ್ತು ಹೋಗಿರುತ್ತೆ ಎಲ್ಲ" ಎನ್ನುತ್ತ ದಿಬ್ಬ ಇಳಿಯತೊಡಗಿದಳು.

ಅತ್ತಿಗೆ ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದಳು. ಅಣ್ಣ ಹೋದ ಮೇಲೆ ಅವಳು ತಂಗಿಯನ್ನು ತಾನಾಗಿ ಮುಟ್ಟಿದ್ದು ಅದೇ ಮೊದಲು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು.

"ಕೂತ್ಕೋ. ಆ ನೀರಿನ ಹತ್ತಿರ ಈ ಮನೆಯಿಂದ ಇನ್ಯಾರೂ ಹೋಗಲ್ಲ. ಸತ್ರೆ ಬೀಜ ಸಾಯ್ಲಿ."

ತಂಗಿ ಕೂತಳು. ಕೂತು ಮಗುವಿನ ಹಾಗೆ ಅತ್ತಳು. ಅತ್ತಿಗೆ ಸಮಾಧಾನ ಮಾಡಲಿಲ್ಲ. ಹಿಡಿದ ಕೈಯನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಅದಾಗಿ ಕೆಲವು ದಿನಗಳಿಗೆ, ನೀರು ತಾನಾಗಿ ಇಂಗಿ ತಗ್ಗಿದ ಮೇಲೆ, ಬೆಳಗಿನ ಓರೆ ಬಿಸಿಲಿನಲ್ಲಿ, ಒಂದು ಕಡೆಯ ನೀರಿನ ಮೇಲೆ ಸೂಜಿಮೊನೆಯಂಥವು ಕಂಡವು. ಇಬ್ಬರೂ ಅದನ್ನು ಒಟ್ಟಿಗೇ ಕಂಡರು. ಹಸಿರು ಮೊನೆಗಳು, ಅಲ್ಲೊಂದು ಇಲ್ಲೊಂದು; ಮಧ್ಯಾಹ್ನದ ಹೊತ್ತಿಗೆ ಆ ಕಡೆಯೆಲ್ಲ. ಬದುವಿನ ಇನ್ನೊಂದು ಕಡೆ ನೀರು ಬೋಳಾಗಿತ್ತು. ಅದರ ಅಂಚಿನಲ್ಲಿ ಬಿಳಿ ನೂಲಿನ ತುಂಡುಗಳ ಹಾಗೆ ಬೇರಿಲ್ಲದ ಮೊಳಕೆಗಳು ತೇಲಿಬಂದು ಗುಡ್ಡೆಯಾಗಿದ್ದವು.

ಅತ್ತಿಗೆ ಬದುವಿನ ಮೇಲೆ ಹೋಗಿ ಬಗ್ಗಿ, ಪುಡಿ ಹೊದ್ದು ಬೆಳೆದ ಒಂದು ಪೈರನ್ನು ಮೆಲ್ಲಗೆ ಎಳೆದಳು. ಬರಲಿಲ್ಲ. ಇನ್ನೊಂದು ಸಲ ಎಳೆದಳು. ಅದು ಕೆಸರನ್ನು ಗಟ್ಟಿಯಾಗಿ ಹಿಡಿದಿತ್ತು.

"ಹಾಗಾದ್ರೆ ಬೇಕಿರಲಿಲ್ಲ" ಎಂದಳು, ಬಗ್ಗಿದಲ್ಲಿಂದಲೇ.

ತಂಗಿ ತೇಲಿಬಂದ ಬಿಳಿ ಮೊಳಕೆಗಳ ಕಡೆ ಮುಖ ತಿರುಗಿಸಿದಳು.

"ಹೇಳು. ಅವರು ಹೋಗೋದು ಬೇಕಿರಲಿಲ್ಲ, ಅಲ್ವಾ?"

"ಬೇಕಿರಲಿಲ್ಲ ಅತ್ತಿಗೆ."

ಅತ್ತಿಗೆ ನೆಟ್ಟಗಾಗಿ, ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಂಡು ಮನೆಯ ಕಡೆ ನಡೆದಳು. ಹೋಗಿ ಗೋಡೆಗೆ ಮುಖ ಮಾಡಿ ಮಲಗಿದವಳು ಮೂರು ದಿನ ಏಳಲಿಲ್ಲ. ಅಮ್ಮ ಅವಳ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದಳು, ಬೆನ್ನು ಸವರಿದಳು. ಕೆಲವೊಮ್ಮೆ ಅವಳ ಪಕ್ಕ ತಾನೂ ಮಲಗಿದಳು. ಅತ್ತಿಗೆಯ ಅಳು ಸದ್ದಿಲ್ಲದ್ದು. ಹೊದಿಕೆ ಮಾತ್ರ ಅಲುಗುತ್ತಿತ್ತು. ಇಷ್ಟು ದಿನ ಅವಳು ಏನನ್ನು ಹಿಡಿದುಕೊಂಡು ನಿಂತಿದ್ದಳೋ ಅದು ತಂಗಿಗೆ ಆಗ ತಿಳಿಯಿತು. ಪೈರನ್ನಾದರೂ ಉಳಿಸಿ ಹೋದರು ಎಂಬ ಒಂದು ಮಾತು ಅವಳ ಎದೆಯಲ್ಲಿತ್ತು. ಕಳೆ ಕೀಳುವಾಗ, ಗೊಬ್ಬರ ಹಾಕುವಾಗ, ಕೊಯ್ಯುವಾಗ ಅದನ್ನೇ ಹೇಳಿಕೊಂಡಿರಬೇಕು. ಇನ್ನು ಅದೂ ಇಲ್ಲ.

ನಾಲ್ಕನೆಯ ದಿನ ಎದ್ದು ಮುಖ ತೊಳೆದು, ಒಲೆ ಹಚ್ಚಿದಳು. "ಗೊತ್ತಾಯ್ತಲ್ಲ" ಎಂದಷ್ಟೇ ಹೇಳಿದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ನಿರ್ದೇಶಕರು ತಾವೇ ಬಂದು ಗದ್ದೆ ನೋಡಿದರು. ತಂಗಿಗೆ ಅವಳ ಕೋಣೆ ಮತ್ತೆ ಸಿಕ್ಕಿತು. ಮರುವರ್ಷ ಕೇಂದ್ರದವರು ಕಾಲುವೆಯ ಉದ್ದಕ್ಕೂ ತಗ್ಗುಗದ್ದೆ ಇರುವವರಿಗೆ ಆ ಬೀಜ ಹಂಚಲು ಹೊರಟರು. ಮೊದಲ ಸಭೆ ಪಟ್ಟಣದ ಒಂದು ಶಾಲೆಯ ಕೋಣೆಯಲ್ಲಿ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತಿದ್ದರು. ತಂಗಿ ಗಾಜಿನ ಪಾತ್ರೆ ಹಿಡಿದು ವಿವರಿಸಿದಳು. ಅಮ್ಮನ ಕಣ್ಣಿನ ಔಷಧಿಗೆಂದು ಪಟ್ಟಣಕ್ಕೆ ಬಂದಿದ್ದ ಅತ್ತಿಗೆ ಹಿಂದಿನ ಗೋಡೆಯ ಹತ್ತಿರ ನಿಂತಿದ್ದಳು.

ಎಲ್ಲ ಕೇಳಿದ ಮೇಲೆ ಒಬ್ಬ ಗಟ್ಟಿಮುಟ್ಟಾದ ರೈತ ಎದ್ದು, "ಬಿತ್ತೋಣ ಮೇಡಂ. ಆದ್ರೂ ನೀರು ಬಂದಾಗ ಕೈ ಕಟ್ಟಿ ಕೂರೋಕಾಗಲ್ಲ. ತೂಬು ಎತ್ತೇ ಎತ್ತುತ್ತೀವಿ. ನಮ್ಮ ಜೀವ ತಡೀಬೇಕಲ್ಲ" ಎಂದ. ಸುತ್ತಲಿನವರು ಹೌದು ಹೌದೆಂದರು.

ತಂಗಿ ಗಾಜಿನ ಪಾತ್ರೆಯನ್ನು ಕೆಳಗಿಡುತ್ತಿರುವಾಗ ಹಿಂದಿನಿಂದ ಅತ್ತಿಗೆಯ ದನಿ ಕೇಳಿತು.

"ನಮ್ಮನೆಯವರಿಗೂ ಜೀವ ತಡೀಲಿಲ್ಲ" ಎಂದಳು. ಎಲ್ಲರೂ ತಿರುಗಿದರು. "ಎತ್ತೋಕೆ ಹೋದ್ರು. ಏರಿ ಕುಸೀತು. ಮಾರನೇ ದಿನ ಸೇತುವೆ ಹತ್ತಿರ ಸಿಕ್ಕಿದ್ರು. ಅದರ ಮುಂದಿನ ವರ್ಷ ನಾನು ಅದೇ ಗದ್ದೇಲಿ ಈ ಬೀಜ ಬಿತ್ತಿ, ನೀರು ಹಾಗೇ ಬಿಟ್ಟೆ. ಎದ್ದು ಬಂತು. ಅವರು ಹೋಗದೆ ಇದ್ದಿದ್ರೂ ಬರ್ತಿತ್ತು. ಬೀಜ ಬೇಕಾದ್ರೆ ತಗೊಳ್ಳಿ, ಬೇಡದಿದ್ರೆ ಬಿಡಿ. ಏರಿ ಮೇಲೆ ಮಾತ್ರ ಹೋಗ್ಬೇಡಿ."

ಎದ್ದು ನಿಂತಿದ್ದ ರೈತ ಮೆಲ್ಲಗೆ ಕೂತ.

ಅಂದಿನಿಂದ ಅಂಥ ಸಭೆಗಳಿಗೆಲ್ಲ ಅತ್ತಿಗೆ ಹೋಗತೊಡಗಿದಳು. ಯಾರೂ ಕರೆಯುತ್ತಿರಲಿಲ್ಲ, ಯಾವಾಗ, ಎಲ್ಲಿ ಎಂದು ತಂಗಿಯನ್ನು ಕೇಳಿಕೊಂಡು ಬರುತ್ತಿದ್ದಳು. ಪ್ರತಿ ಸಲವೂ ಅಷ್ಟೇ ಮಾತು ಹೇಳುತ್ತಿದ್ದಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಫೋನಿನ ಮಾತನ್ನು ಎಲ್ಲಿಯೂ ಹೇಳಲಿಲ್ಲ. ಗಂಟಲು ನಡುಗಿದ್ದನ್ನೂ ಹೇಳಲಿಲ್ಲ. ತಂಗಿ ಪ್ರತಿ ಸಲವೂ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಳು.

ಒಮ್ಮೆ ವಾಪಸು ಬರುವಾಗ ಬಸ್ಸಿಗೆ ಕಾಯುತ್ತ ನಿಂತಿದ್ದರು. ತಂಗಿ ತಡೆಯಲಾರದೆ ಕೇಳಿದಳು. "ಹೇಳೋವಾಗ ನಿಮಗೆ ಕಷ್ಟ ಆಗಲ್ವಾ ಅತ್ತಿಗೆ?"

"ಆಗುತ್ತೆ. ಅವರು ಹಾರೆ ತಗೊಂಡು ಹೊರಡೋದು ಕಣ್ಣಿಗೆ ಕಟ್ಟುತ್ತೆ."

"ಹಾಗಾದ್ರೆ ಹೇಳ್ಬೇಡಿ. ನಾನು ಹೇಳ್ತೀನಿ."

"ನೀನು ಹೇಳಿದ್ರೆ ಯಾರೂ ನಂಬಲ್ಲ" ಎಂದಳು ಅತ್ತಿಗೆ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಸಭೆಗೆ ಬಂದಿದ್ದ ಹೆಂಗಸೊಬ್ಬಳು ಅದೇ ಬಸ್ಸಿಗೆ ನಿಂತಿದ್ದಳು. ಕಂಕುಳಲ್ಲಿ ಬೀಜದ ಚೀಲ. ಅತ್ತಿಗೆಯ ಹತ್ತಿರ ಸರಿದು, ತಂಗಿಯ ಕಡೆ ಕಣ್ಣು ತೋರಿಸಿ, "ಈ ಮೇಡಂ ನಿಮಗೇನಾಗ್ಬೇಕು?" ಎಂದು ಕೇಳಿದಳು.

"ನಮ್ಮನೆಯವರ ತಂಗಿ" ಎಂದಳು ಅತ್ತಿಗೆ. "ಅವರೇ ಸಾಕಿದ್ದು."

ಹೆಂಗಸು ತಲೆದೂಗಿದಳು. ಬಸ್ಸು ತುಂಬಿಕೊಂಡು ಬಂತು. ಒಳಗೆ ಒಂದೇ ಸೀಟು ಖಾಲಿ ಇತ್ತು. ತಂಗಿ ಅತ್ತಿಗೆಯನ್ನು ಕೂರಿಸಿ ತಾನು ಕಂಬಿ ಹಿಡಿದು ನಿಂತಳು. ಸ್ವಲ್ಪ ದೂರ ಹೋದ ಮೇಲೆ ಅತ್ತಿಗೆ ಅವಳ ಹೆಗಲಲ್ಲಿದ್ದ ಭಾರದ ಚೀಲವನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.